ಚಾಮಯ್ಯ ಮೇಷ್ಟ್ರು ಮತ್ತು ನಾವು



ಕಳೆದ ಸಂಚಿಕೆಯಲ್ಲಿ ಗುರುಶಿಷ್ಯ ಸಂಬಂಧವನ್ನು ಕುರಿತು ನಾವು ಬರೆದ ನಾಲ್ಕು ಮಾತುಗಳನ್ನು ಓದಿ ಹಿರಿಯೂರಿನ ತಾಯಿಯೊಬ್ಬರು ಕಾಗದ ಬರೆದಿದ್ದಾರೆ. ಅಕ್ಷರ ಮುತ್ತು ಪೋಣಿಸಿದಂತಿದೆ. ಒಕ್ಕಣೆ ಚಿಕ್ಕದು. ಮಗ ಹೈಸ್ಕೂಲಿನಲ್ಲಿ ಓದುತ್ತಿದ್ದಾನೆ. ಬುದ್ಧಿವಂತ, ಆದರೆ ಮುಂಗೋಪಿ. ಮನೆಯಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ. ಕೊನೆಯಲ್ಲಿ ಆ ತಾಯಿ ಕೇಳುತ್ತಾರೆ: "ಚಾಮಯ್ಯ ಮೇಷ್ಟ್ರಂತಹ ಗುರುಗಳು ಒಬ್ಬರು ಸಿಕ್ಕಿದ್ದರೆ ನನ್ನ ಮಗ ದಾರಿಗೆ ಬರುತ್ತಿದ್ದ. ಅಂಥವರು ಈಗ ಎಲ್ಲಿದ್ದಾರೆ ಗುರುಗಳೇ?"

ಆ ತಾಯಿ ಹುಡುಕುತ್ತಿರುವ ಚಾಮಯ್ಯನವರು ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿಯೂ ಸಹಿ ಮಾಡಿದವರಲ್ಲ. 1972ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡ ‘ನಾಗರಹಾವು’ ಚಲನಚಿತ್ರದ ಒಂದು ಪಾತ್ರ ಅದು. ಆ ಪಾತ್ರವನ್ನು ನಿರ್ವಹಿಸಿದವರು ಕೆ. ಎಸ್. ಅಶ್ವಥ್. ಅರ್ಧ ಶತಮಾನ ಉರುಳಿದ ಮೇಲೆಯೂ ಗೃಹಿಣಿಯೊಬ್ಬರು ತಮ್ಮ ಮಗನಿಗಾಗಿ ಆ ಪಾತ್ರವನ್ನು ಹೆಸರು ಹಿಡಿದು ಅರಸುತ್ತಾರೆಂದರೆ ಆ ನಟರ ಸಾಧನೆ ಸಾಮಾನ್ಯವಾದುದಲ್ಲ. ಆದರೆ ಈ ಪ್ರಶ್ನೆಯನ್ನು ಓದಿ ನಮಗೆ ಸಂತೋಷಕ್ಕಿಂತ ಅಳುಕೇ ಹೆಚ್ಚಾಯಿತು. ಅದರ ಕಾರಣವನ್ನು ಈ ತಿಂಗಳು ಬಿಚ್ಚಿಡಬೇಕೆಂದು ಮನಸ್ಸು ಮಾಡಿದ್ದೇವೆ.

ಸಿನಿಮಾದ ಮಾತು ಈ ಪತ್ರಿಕೆಯಲ್ಲೇಕೆ ಎಂದು ಕೆಲವು ಹಿರಿಯರು ಹುಬ್ಬೇರಿಸಬಹುದು. ಸಿರಿಗೆರೆಯ ಹಿರಿಯ ಜಗದ್ಗುರುಗಳಾಗಿದ್ದ ಲಿಂಗೈಕ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರು ಸ್ವತಃ ನಾಟಕಗಳನ್ನು ಬರೆದವರು. ಅವರ ಹೆಸರಿನಲ್ಲಿಯೇ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಕಲಾಸಂಘವನ್ನು ಕಟ್ಟಿ, 1997ರಲ್ಲಿ ‘ಶಿವಸಂಚಾರ’ವೆಂಬ ತಿರುಗಾಟದ ನಾಟಕ ತಂಡವನ್ನು ಆರಂಭಿಸಿ, ನಾಡಿನ ಮೂಲೆ ಮೂಲೆಗೂ ನಾಟಕವನ್ನು ಕೊಂಡೊಯ್ದರು. ಮಠದ ಅಂಗಳದಲ್ಲಿ ಬಣ್ಣ ಹಚ್ಚುವುದನ್ನು ನಮ್ಮ ಜಿಲ್ಲೆಯ ಭಕ್ತರು ಕಣ್ಣಾರೆ ಕಂಡಿರುವಾಗ ನಟನೊಬ್ಬನ ಬಾಳನ್ನು ಇಲ್ಲಿ ನೆನೆಯುವುದು ಅಪಚಾರವಾಗದು.

ನಮ್ಮ ಬಾಲ್ಯದಲ್ಲಿ ಮಾತ್ರ ಹಾಗಿರಲಿಲ್ಲ. 1972ರಲ್ಲಿ ನಾವು ಚಿತ್ರದುರ್ಗದಲ್ಲಿ ಮಠವೊಂದರ ಉಚಿತ ಪ್ರಸಾದ ನಿಲಯದಲ್ಲಿದ್ದ ಹುಡುಗರು. ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯಿಂದ ಒಂದು ತಗಡಿನ ಪೆಟ್ಟಿಗೆ, ಎರಡು ಜೊತೆ ಬಟ್ಟೆ ಹಿಡಿದು ಬಂದು ಸೇರಿದ್ದೆವು. ಬೆಳಗಿನ ನಾಲ್ಕೂವರೆಗೆ ಗಂಟೆ, ತಣ್ಣೀರು ಸ್ನಾನ, ಶಿವಪೂಜೆ, ಸಂಸ್ಕೃತ ಪಾಠ. ಸಿನಿಮಾ ಎಂಬ ಶಬ್ದವನ್ನು ಬಾಯಿಂದ ಆಡಿದರೂ ಬೆತ್ತ ಮಾತನಾಡುತ್ತಿದ್ದ ಕಾಲ. ಅಂತಹದರಲ್ಲಿ ಕೋಟೆಯ ಮೇಲೆ ಚಿತ್ರೀಕರಣ ನಡೆಯುತ್ತಿದೆಯೆಂಬ ಸುದ್ದಿ ದೊಡ್ಡಪೇಟೆಯಿಂದ ನಿಲಯದವರೆಗೆ ಹರಿದು ಬಂತು. ಭಾನುವಾರ ಬಟ್ಟೆ ಒಗೆಯುವ ನೆಪ ಹೇಳಿ ನಾವು ಐದು ಮಂದಿ ಕೋಟೆ ಹತ್ತಿದೆವು. ಏಕನಾಥೇಶ್ವರಿಯ ಗುಡಿ ದಾಟಿ, ಹಿಡಿಂಬೇಶ್ವರನ ಬಂಡೆಯ ಬಳಿಗೆ ಹೋಗುವಷ್ಟರಲ್ಲಿ ಜನಜಾತ್ರೆ. ದೊಡ್ಡವರ ಕಾಲುಗಳ ಸಂದಿಯಲ್ಲಿ ನಮಗೆ ಕಂಡದ್ದು ಬಿಸಿಲಿಗೆ ತಗಡಿನಂತೆ ಹೊಳೆಯುವ ಎರಡು ಹಲಗೆ ಮತ್ತು ಒಂದು ದೊಡ್ಡ ಛತ್ರಿ, ಅಷ್ಟೇ. ಸಂಜೆ ಸಿಕ್ಕಿಬಿದ್ದೆವು. ನಿಲಯದ ಸ್ವಾಮಿಗಳು ಬೆತ್ತ ಹಿಡಿದು, "ಏನು ನೋಡಿದ್ರೋ?" ಎಂದರು. ನಮ್ಮಲ್ಲಿ ಕಿರಿಯವನು, "ಛತ್ರಿ ನೋಡಿದ್ವಿ ಬುದ್ಧಿ" ಎಂದ. ಸ್ವಾಮಿಗಳಿಗೆ ನಗು ತಡೆಯಲಾಗಲಿಲ್ಲ. ಆದರೂ ತಲೆಗೆ ಎರಡೆರಡು ಏಟು ತಪ್ಪಲಿಲ್ಲವೆನ್ನಿ.

ಮರುವರ್ಷ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ, ಸೋದರಮಾವನವರ ಜೊತೆಯಲ್ಲಿ ಟೆಂಟಿನಲ್ಲಿ ನೆಲದ ಮೇಲೆ ಕುಳಿತು ಆ ಚಿತ್ರವನ್ನು ನೋಡಿದೆವು. ದಿನವೂ ಕಾಣುವ ನಮ್ಮ ಕೋಟೆ, ನಮ್ಮ ಬಂಡೆಗಳು ಪರದೆಯ ಮೇಲೆ ಬಂದಾಗ ಆದ ರೋಮಾಂಚನವನ್ನು ಹೇಳಲು ಮಾತಿಲ್ಲ. ಓಬವ್ವನಾಗಿ ಜಯಂತಿಯವರು ಒನಕೆ ಎತ್ತಿದಾಗ ಟೆಂಟಿನ ಹೆಣ್ಣುಮಕ್ಕಳೆಲ್ಲ ಎದ್ದು ನಿಂತಿದ್ದರು. ನಮಗೋ ರಾಮಾಚಾರಿಯ ಹುಚ್ಚು. ಆದರೆ ಮನೆಗೆ ನಡೆದು ಬರುವಾಗ ನಮ್ಮ ಮಾವ ಇಡೀ ದಾರಿ ಚಾಮಯ್ಯ ಮೇಷ್ಟ್ರ ಮಾತನ್ನೇ ಆಡಿದರು. "ನೀನು ಓದಿ ಆದರೆ ಅಂಥ ಮೇಷ್ಟ್ರಾಗಬೇಕು ನೋಡಪ್ಪ" ಎಂದರು. ನಾವು ಅಧ್ಯಾಪಕ ವೃತ್ತಿಯನ್ನು ಹಿಡಿದುದಕ್ಕೆ ಮಠದ ವಿದ್ಯೆ ಎಷ್ಟು ಕಾರಣವೋ ಆ ರಾತ್ರಿಯ ಮಾತೂ ಅಷ್ಟೇ ಕಾರಣ.

ಆ ನಟರ ಬಾಳನ್ನು ನಾವು ತಿಳಿದುಕೊಂಡದ್ದು ಬಹಳ ತಡವಾಗಿ. ಕರಗನಹಳ್ಳಿ ಸುಬ್ಬರಾಯ ಅಶ್ವತ್ಥನಾರಾಯಣ ಎಂಬುದು ಅವರ ಪೂರ್ಣ ಹೆಸರು. ಹುಟ್ಟಿದ್ದು 1925ರ ಮಾರ್ಚ್ 25ರಂದು, ಮೈಸೂರಿನಲ್ಲಿ. 1942ರ ಚಲೇಜಾವ್ ಚಳವಳಿಯ ದಿನಗಳಲ್ಲಿ ಓದು ಅರ್ಧಕ್ಕೆ ನಿಂತಿತು. ಅವರ ಅಭಿನಯಕ್ಕೆ ಮೊದಲ ಪಾಠಶಾಲೆಯಾದದ್ದು ರಂಗದ ಜೊತೆಗೆ ಮೈಸೂರಿನ ಬಾನುಲಿ. ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪ್ರಸಾರ ಕೇಂದ್ರ ತೆರೆದು ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ದೊರೆಯಲು ಕಾರಣರಾದ ಊರು ಅದು. ಬಾನುಲಿ ನಾಟಕದಲ್ಲಿ ಮುಖವಿಲ್ಲ, ವೇಷವಿಲ್ಲ. ಕಣ್ಣೀರು, ಕೋಪ, ಕರುಣೆ ಎಲ್ಲವೂ ಕಂಠದಿಂದಲೇ ಬರಬೇಕು. ಅಶ್ವಥ್ ಅವರು ಮುಂದೆ ಬೆಳ್ಳಿತೆರೆಯ ಮೇಲೆ ಎಂದೂ ಕೂಗಾಡದೆ, ಮಾತಿನ ನಡುವೆ ಒಂದು ಉಸಿರು ನಿಲ್ಲಿಸಿ ಕೇಳುವವನ ಎದೆ ನಡುಗಿಸುತ್ತಿದ್ದುದರ ಗುಟ್ಟು ಅಲ್ಲಿದೆಯೆಂದು ನಮ್ಮ ಊಹೆ.

1955ರ ‘ಸ್ತ್ರೀರತ್ನ’ದಿಂದ ಅವರು ಚಿತ್ರರಂಗವನ್ನು ಪ್ರವೇಶಿಸಿದರು. ನಾಯಕನಾಗಿ ಬಂದವರು ಬಹುಬೇಗ ಪೋಷಕ ಪಾತ್ರಗಳಿಗೆ ಸರಿದರು. ವಯಸ್ಸು ನಲವತ್ತು ತುಂಬುವ ಮೊದಲೇ ತಲೆಗೆ ಬಿಳಿ ಬಣ್ಣ ಬಳಿದುಕೊಂಡು ತಮ್ಮ ಓರಗೆಯ ನಾಯಕರಿಗೆ ತಂದೆಯಾಗಿ, ಮಾವನಾಗಿ, ಮನೆಯ ಹಿರಿಯನಾಗಿ ನಿಂತರು. ಪಂಡರಿಬಾಯಿಯವರೊಡನೆ ಅವರು ಎಷ್ಟು ಮನೆಗಳ ತಂದೆತಾಯಿಯಾದರೋ ಲೆಕ್ಕವಿಟ್ಟವರಿಲ್ಲ. ‘ಗೆಜ್ಜೆಪೂಜೆ’, ‘ಕಸ್ತೂರಿ ನಿವಾಸ’ಗಳಿಂದ ಹಿಡಿದು ‘ಮುತ್ತಿನಹಾರ’ದವರೆಗೆ ಚಿತ್ರಗಳ ಸಂಖ್ಯೆ 350ನ್ನೂ ದಾಟುತ್ತದೆ. ಚಿತ್ರರಂಗ ಮದರಾಸಿನಲ್ಲಿದ್ದಾಗಲೂ, ಬೆಂಗಳೂರಿಗೆ ಬಂದ ಮೇಲೂ ಅವರ ಬಿಡಾರ ಮಾತ್ರ ಮೈಸೂರೇ. ಕೆಲಸ ಮುಗಿದೊಡನೆ ಮನೆಗೆ ಮರಳುವ ಸರ್ಕಾರಿ ನೌಕರನಂತೆ ಅವರು ಊರಿಗೆ ಮರಳುತ್ತಿದ್ದರು. ನಾಯಕರ ವೈಭವವಾಗಲೀ ನಾಯಕರ ಸಂಪಾದನೆಯಾಗಲೀ ಪೋಷಕ ನಟನ ಪಾಲಿಗೆ ಬರುವಂತಹುದಲ್ಲ. ಮನೆಯ ಕಂಬವನ್ನು ಯಾರೂ ತಿರುಗಿ ನೋಡುವುದಿಲ್ಲ. ಮಾಳಿಗೆ ಮಾತ್ರ ಅದರ ಮೇಲೆಯೇ ನಿಂತಿರುತ್ತದೆ.

ಇನ್ನು ಚಾಮಯ್ಯನವರ ವಿಷಯಕ್ಕೆ ಬರೋಣ. ನಮ್ಮ ಜಿಲ್ಲೆಯ ತಳುಕಿನ ಮನೆತನದ ಹೆಮ್ಮೆಯ ಲೇಖಕರಾದ ತ. ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದು ಪುಟ್ಟಣ್ಣ ಕಣಗಾಲರು ಚಿತ್ರಕಥೆ ಮಾಡಿದರು, ಎನ್. ವೀರಾಸ್ವಾಮಿಯವರು ನಿರ್ಮಿಸಿದರು. ಚಿತ್ರ ತಮ್ಮ ಕೃತಿಗೆ ನ್ಯಾಯ ಮಾಡಿಲ್ಲವೆಂಬ ಅಸಮಾಧಾನ ತ.ರಾ.ಸು. ಅವರಿಗಿತ್ತೆಂಬುದು ದುರ್ಗದಲ್ಲಿ ಎಲ್ಲರಿಗೂ ತಿಳಿದ ಮಾತು. ಆ ವಾದ ಏನೇ ಇರಲಿ, ಊರೆಲ್ಲ ಹಾವೆಂದು ದೂರ ಮಾಡಿದ ಹುಡುಗನನ್ನು ಒಬ್ಬ ಪ್ರಾಥಮಿಕ ಶಾಲೆಯ ಮೇಷ್ಟ್ರು ಮಗನಂತೆ ಕಾಣುತ್ತಾರೆ. ತಂದೆತಾಯಿ, ಕಾಲೇಜಿನ ಪ್ರಾಂಶುಪಾಲರು ಯಾರಿಗೂ ಬಗ್ಗದವನು ಅವರ ಒಂದು ಮಾತಿಗೆ ತಲೆಬಾಗುತ್ತಾನೆ. ರಾಮಾಚಾರಿಯಾಗಿ ನಟಿಸಿದ ವಿಷ್ಣುವರ್ಧನರಿಗೆ ಆಗ 22 ವರ್ಷ, ಅಶ್ವಥ್ ಅವರಿಗೆ 47. ಹೊಸಬನಾದ ಆ ತರುಣ ಬೆಂಕಿಯಂತೆ ಉರಿಯುವಾಗ ಹಿರಿಯರು ಒಂದು ಹಣತೆಯಂತೆ ಪಕ್ಕದಲ್ಲಿ ನಿಂತು ಆ ಉರಿಗೆ ಅರ್ಥ ಕೊಟ್ಟರು. ರಾಜ್ಯ ಸರ್ಕಾರ ಆ ವರ್ಷದ ಶ್ರೇಷ್ಠ ಪೋಷಕ ನಟ ಪ್ರಶಸ್ತಿಯನ್ನು ಅವರಿಗೆ ನೀಡಿತು. ಪುಟ್ಟಣ್ಣನವರೇ 1974ರಲ್ಲಿ ಈ ಕಥೆಯನ್ನು ಹಿಂದಿಗೆ ಕೊಂಡೊಯ್ದರು. ಅಲ್ಲಿ ಅದು ಬೇರು ಬಿಡಲಿಲ್ಲ.

ಇಲ್ಲಿಯವರೆಗಿನ ಚಾಮಯ್ಯನವರನ್ನು ಎಲ್ಲರೂ ನೆನಪಿಟ್ಟಿದ್ದಾರೆ. ಹಿರಿಯೂರಿನ ತಾಯಿಯೂ ಇವರನ್ನೇ ಕೇಳುತ್ತಿರುವುದು. ಕಥೆ ಇಲ್ಲಿಗೆ ಮುಗಿಯುವುದಿಲ್ಲವಷ್ಟೆ.

ರಾಮಾಚಾರಿ ಅಲಮೇಲುವನ್ನು ಪ್ರೀತಿಸುತ್ತಾನೆ. ಜಾತಿ ಪಂಗಡದ ಕಟ್ಟು ಅಡ್ಡ ಬರುತ್ತದೆ. ಅವನ ಮೇಲೆ ಬೇರೆ ಯಾರ ಅಸ್ತ್ರವೂ ನಡೆಯದು. ಆದ್ದರಿಂದ ಊರು ತನ್ನ ಕೆಲಸವನ್ನು ಚಾಮಯ್ಯನವರಿಂದ ಮಾಡಿಸುತ್ತದೆ. ಮೇಷ್ಟ್ರು ಗದರಿಸುವುದಿಲ್ಲ, ಬೆದರಿಸುವುದಿಲ್ಲ. ತ್ಯಾಗ ದೊಡ್ಡದೆಂದು ಪ್ರೀತಿಯಿಂದ ತಲೆ ಸವರಿ ಹೇಳುತ್ತಾರೆ. ಹುಡುಗ ಒಪ್ಪುತ್ತಾನೆ. ಹುಡುಗಿಯನ್ನು ಬೇರೆಡೆ ಕೊಡುತ್ತಾರೆ. ಅವಳನ್ನು ಕೈಹಿಡಿದವನೇ ಅವಳನ್ನು ಮಾರಿಕೊಳ್ಳುತ್ತಾನೆ. ಮುಂದೆ ಮಾರ್ಗರೆಟ್ ಎಂಬ ಕ್ರೈಸ್ತ ಹುಡುಗಿಯ ವಿಷಯದಲ್ಲಿಯೂ ಮೇಷ್ಟ್ರು ಅಡ್ಡ ನಿಲ್ಲುತ್ತಾರೆ. ಬೆಟ್ಟದ ಮೇಲೆ ಗುರುಶಿಷ್ಯರು ಎದುರುಬದುರಾಗುತ್ತಾರೆ. ಶಿಷ್ಯನ ಕೈಯಿಂದಲೇ ಗುರು ಬಂಡೆಯಿಂದ ಉರುಳಿ ಸಾಯುತ್ತಾರೆ; ಅನಂತರ ಆ ಹುಡುಗ, ಆ ಹುಡುಗಿ ಇಬ್ಬರೂ ಅದೇ ಬೆಟ್ಟದಿಂದ ಧುಮುಕುತ್ತಾರೆ.

ಮೂರು ಸಾವಿಗೆ, ಒಬ್ಬ ಹೆಣ್ಣುಮಗಳ ಬಾಳು ಹಾಳಾದುದಕ್ಕೆ ಆ ಒಳ್ಳೆಯ ಮೇಷ್ಟ್ರ ಒಂದು ಮೃದು ಮಾತು ಮೊದಲ ಕಾರಣ. ಇದನ್ನು ನಾವು ಯಾರೂ ಗಮನಿಸಲಿಲ್ಲ. ನಾವು ಗಮನಿಸದಂತೆ ಮಾಡಿದ್ದೇ ಅಶ್ವಥ್ ಅವರ ಹಿರಿಮೆಯೆಂದು ಈಗ ತೋರುತ್ತದೆ. ಕೆಟ್ಟ ಮನುಷ್ಯನಿಂದ ಕೆಡುಕಾಗುವುದನ್ನು ಯಾವ ನಟನಾದರೂ ತೋರಿಸಬಲ್ಲ. ನಿಜವಾಗಿ ಒಳ್ಳೆಯವನಾದ, ನಿಜವಾಗಿ ಪ್ರೀತಿಸುವ ಮನುಷ್ಯ ತಪ್ಪು ಮಾಡುವುದನ್ನು, ಅದೂ ತಾನು ಧರ್ಮವನ್ನೇ ಮಾಡುತ್ತಿದ್ದೇನೆಂಬ ನಂಬಿಕೆಯಲ್ಲಿ ಮಾಡುವುದನ್ನು ತೋರಿಸಬೇಕಾದರೆ ಆ ಪಾತ್ರದಲ್ಲಿ ಎಳ್ಳಷ್ಟೂ ಕಪಟ ಕಾಣಬಾರದು. ಅವರ ಕಣ್ಣಿನಲ್ಲಿ ಕಪಟವಿರಲಿಲ್ಲ. ಹಾಗಾಗಿ ನಮ್ಮ ಮಾವನವರಿಗೆ ಅವರು ದೇವರಂತೆ ಕಂಡರು; ನಮಗೆ ಆದರ್ಶವಾದರು.

ಆ ಆದರ್ಶವನ್ನು ನಾವು ಹೇಗೆ ಪಾಲಿಸಿದೆವೆಂಬುದನ್ನೂ ಬರೆಯಬೇಕು. 1994ರ ಸುಮಾರಿಗೆ ನಾವು ಇದೇ ಜಿಲ್ಲೆಯ ಒಂದು ಸಂಸ್ಥೆಯಲ್ಲಿ ಅಧ್ಯಾಪಕರು. ಹೊಸದುರ್ಗ ತಾಲ್ಲೂಕಿನ ಒಬ್ಬ ಹುಡುಗ ನಮ್ಮ ಬಳಿ ಮೂರು ವರ್ಷ ಓದಿ ಪದವಿ ಮುಗಿಸಿದ್ದ. ಮನೆಗೆ ಬಂದು ಪುಸ್ತಕ ಒಯ್ಯುವನು, ತೆಂಗಿನಕಾಯಿ ಹೊತ್ತು ತಂದು ಅಡುಗೆಮನೆಯ ಬಾಗಿಲಲ್ಲಿ ಇಟ್ಟು ಹೋಗುವನು. ಒಂದು ಸಂಜೆ ಅವನ ತಂದೆ, ದೊಡ್ಡಪ್ಪ ಇಬ್ಬರೂ ಬಂದರು. ಹುಡುಗ ಒಂದು ಹುಡುಗಿಯನ್ನು ಮದುವೆಯಾಗುವೆನೆಂದು ಹಟ ಹಿಡಿದಿದ್ದಾನೆ. ಅವಳು ಬೇರೆ ಮತದವಳಲ್ಲ, ಬೇರೆ ಜಾತಿಯವಳೂ ಅಲ್ಲ. ಅವರ ಮನೆಯಲ್ಲಿಯೂ ಕೊರಳಲ್ಲಿ ಲಿಂಗವಿದೆ, ಹಣೆಯಲ್ಲಿ ವಿಭೂತಿಯಿದೆ. ಒಳಪಂಗಡ ಬೇರೆ, ಅಷ್ಟೆ. "ನಮ್ಮ ಮಾತು ನಡೆಯೋದಿಲ್ಲ. ತಾವು ಹೇಳಿದರೆ ಕೇಳ್ತಾನೆ ಗುರುಗಳೇ" ಎಂದರು ದೊಡ್ಡಪ್ಪ.

ಅಂದು ಬೆಳಿಗ್ಗೆ ನಾವು ತರಗತಿಯಲ್ಲಿ ಮಾಡಿದ್ದ ಪಾಠ ಯಾವುದು ಗೊತ್ತೇ? ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ಮದುವೆ, ಅದಕ್ಕಾಗಿ ಆ ಶರಣರು ಅನುಭವಿಸಿದ ಎಳೆಹೂಟೆ. ಮಕ್ಕಳ ಕಣ್ಣಲ್ಲಿ ನೀರು ಬರುವಂತೆ ಹೇಳಿದ್ದೆವು. ಸಂಜೆ ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೆತ್ತವರ ಮನಸ್ಸು ನೋಯಿಸಿ ಕಟ್ಟಿದ ಮನೆ ನಿಲ್ಲುವುದಿಲ್ಲವೆಂದೂ ತ್ಯಾಗದಲ್ಲಿಯೇ ಪ್ರೀತಿಯ ಬೆಲೆಯಿದೆಯೆಂದೂ ಹೇಳಿದೆವು. ಗದರಿಸಲಿಲ್ಲ, ಬೆನ್ನಿನ ಮೇಲೆ ಕೈಯಿಟ್ಟು ಹೇಳಿದೆವು. ಅವನು ನಮ್ಮ ಪಾದ ಮುಟ್ಟಿ ಎದ್ದು ಹೋದ. ದೊಡ್ಡಪ್ಪನವರು ಮರುವಾರ ಒಂದು ಗೊನೆ ಬಾಳೆಹಣ್ಣು ಕಳುಹಿಸಿದರು.

ಸಿನಿಮಾದಲ್ಲಾದಂತೆ ಏನೂ ಆಗಲಿಲ್ಲ. ಅವನು ಮನೆಯವರು ನೋಡಿದ ಹುಡುಗಿಯನ್ನು ಮದುವೆಯಾದ. ಸಂಸಾರ ಚೆನ್ನಾಗಿಯೇ ನಡೆಯಿತು. ಬಿಟ್ಟುಬಂದ ಆ ಹೆಣ್ಣುಮಗಳು ಎಲ್ಲಿಗೆ ಹೋದಳು, ಏನಾದಳು ಎಂದು ನಾವು ವಿಚಾರಿಸಲಿಲ್ಲ. ವಿಚಾರಿಸಬೇಕೆಂದು ಹೊಳೆಯಲೂ ಇಲ್ಲ. ಅವನು ದಾರಿಯಲ್ಲಿ ಸಿಕ್ಕಿದರೆ ಕೈಮುಗಿಯುತ್ತಿದ್ದ. ಮನೆಗೆ ಮಾತ್ರ ಮತ್ತೆ ಬರಲಿಲ್ಲ, ಪುಸ್ತಕವನ್ನೂ ಕೇಳಲಿಲ್ಲ. ಹುಡುಗ ಗೃಹಸ್ಥನಾದ, ಪುರುಸೊತ್ತಿಲ್ಲ ಎಂದುಕೊಂಡೆವು.

2009ರ ಡಿಸೆಂಬರ್ 30ರಂದು ವಿಷ್ಣುವರ್ಧನರು ಮೈಸೂರಿನಲ್ಲಿ ತೀರಿಕೊಂಡರು. ಹತ್ತೊಂಬತ್ತು ದಿನ ಕಳೆದು, 2010ರ ಜನವರಿ 18ರಂದು ಅಶ್ವಥ್ ಅವರೂ ಅದೇ ಊರಿನಲ್ಲಿ ಕಣ್ಮುಚ್ಚಿದರು. ಕಥೆಯಲ್ಲಿ ಗುರು ಮೊದಲು, ಶಿಷ್ಯ ಆಮೇಲೆ. ಲೋಕದಲ್ಲಿ ಶಿಷ್ಯ ಮೊದಲು, ಗುರು ಆಮೇಲೆ. ದುರ್ಗದಲ್ಲಿ ಆ ತಿಂಗಳು ಚಹಾದ ಅಂಗಡಿಗಳಲ್ಲಿಯೂ ಇದೇ ಮಾತು. ನಾವೂ ಒಂದು ಶ್ರದ್ಧಾಂಜಲಿ ಸಭೆಯಲ್ಲಿ ಆದರ್ಶ ಗುರುವಿನ ಪಾತ್ರವನ್ನು ಕುರಿತು ಅರ್ಧ ಗಂಟೆ ಭಾಷಣ ಮಾಡಿದೆವು. ಚಪ್ಪಾಳೆಯೂ ಬಿತ್ತು. ಆ ಭಾಷಣದಲ್ಲಿ ಅಲಮೇಲುವಿನ ಹೆಸರು ಒಮ್ಮೆಯೂ ಬರಲಿಲ್ಲ.

2018ರಲ್ಲಿ ಆ ಚಿತ್ರವನ್ನು ಹೊಸ ತಂತ್ರಜ್ಞಾನದಿಂದ ತಿದ್ದಿ ಮತ್ತೆ ಬಿಡುಗಡೆ ಮಾಡಿದರು. ತಂಗಿಯ ಮೊಮ್ಮಗಳು ಎಳೆದುಕೊಂಡು ಹೋದಳು. ನಲವತ್ತೈದು ವರ್ಷಗಳ ಅನಂತರ ಕುರ್ಚಿಯ ಮೇಲೆ ಕುಳಿತು ನೋಡಿದೆವು. ಮೇಷ್ಟ್ರು ಶಿಷ್ಯನಿಗೆ ತ್ಯಾಗದ ಮಾತು ಹೇಳುವ ಸನ್ನಿವೇಶ ಬಂತು. ಅಶ್ವಥ್ ಅವರ ಆ ಧ್ವನಿ, ಮಾತಿನ ನಡುವಿನ ಆ ನಿಲುಗಡೆ! ನಮಗೆ ಥಟ್ಟನೆ ನಮ್ಮ ಧ್ವನಿ ಕೇಳಿಸಿತು. 1994ರ ಸಂಜೆ ನಾವು ಆಡಿದ ಮಾತು ಮಾತ್ರವಲ್ಲ, ಆಡಿದ ರೀತಿಯೂ ಅವರಿಂದ ಕಲಿತದ್ದೇ. ಪಕ್ಕದಲ್ಲಿ ಕುಳಿತಿದ್ದ ಹುಡುಗಿ ಮೆಲ್ಲನೆ, "ಈ ಮೇಷ್ಟ್ರು ಅವಳನ್ನ ಒಂದು ಮಾತೂ ಕೇಳಲಿಲ್ಲವಲ್ಲ ಅಜ್ಜ" ಎಂದಳು. ನಾವು ಉತ್ತರ ಹೇಳಲಿಲ್ಲ. ಪರದೆಯನ್ನೇ ನೋಡುತ್ತ ಕುಳಿತೆವು.

ಹಿರಿಯೂರಿನ ತಾಯಿಗೆ ನಾವು ಬರೆದ ಉತ್ತರದಲ್ಲಿ ಇಷ್ಟೆಲ್ಲ ಇಲ್ಲ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಚಿತ್ರವನ್ನು ಕೊನೆಯವರೆಗೂ ನೋಡಿ, ನೋಡಿ ಮುಗಿದ ಮೇಲೆ ಅವನು ಏನು ಹೇಳುತ್ತಾನೋ ಕೇಳಿಸಿಕೊಂಡು ನಮಗೂ ಬರೆಯಿರಿ ಎಂದಿದ್ದೇವೆ.

ಇನ್ನೊಂದು ಸಂಗತಿ ಉಳಿದಿದೆ. ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಬಾಗಿಲಲ್ಲಿ ಯಾರೋ ನಿಂತಿದ್ದರು. ಕೂದಲು ನರೆತಿತ್ತು, ಗುರುತು ಹಿಡಿಯಲು ಕ್ಷಣ ಹೊತ್ತು ಬೇಕಾಯಿತು. ಅದೇ ಶಿಷ್ಯ. ಕೈಯಲ್ಲಿ ಮಗಳ ಲಗ್ನಪತ್ರಿಕೆ. ಓದಿದೆವು, ಹುಡುಗನ ಮನೆಯವರ ಹೆಸರಿನಿಂದಲೇ ತಿಳಿಯಿತು, ಒಳಪಂಗಡ ಬೇರೆ. ನಾವು ತಲೆ ಎತ್ತುವ ಮೊದಲೇ ಅವನು ಹೇಳಿದ: "ಅಪ್ಪಣೆ ಕೇಳೋಕೆ ಬಂದಿಲ್ಲ ಗುರುಗಳೇ. ಕರೆಯೋಕೆ ಬಂದಿದ್ದೀನಿ." ಧ್ವನಿಯಲ್ಲಿ ಕೋಪವಿರಲಿಲ್ಲ. ನಮ್ಮ ತಪ್ಪಿನ ಮಾತನ್ನು ತೆಗೆಯಬೇಕೆಂದು ಬಾಯಿ ತೆರೆದೆವು. ಅವನು ಪತ್ರಿಕೆಯ ಮೇಲಿನ ಮುಹೂರ್ತದ ಸಾಲನ್ನು ಬೆರಳಿಟ್ಟು ತೋರಿಸಿ, ಬಸ್ಸು ಎಷ್ಟು ಹೊತ್ತಿಗಿದೆ, ಎಲ್ಲಿ ಇಳಿಯಬೇಕು ಎಂದು ಹೇಳತೊಡಗಿದ.

ಹೊಳಲ್ಕೆರೆಗೆ ಹೋದೆವು. ಬಯಲು ಗಣಪತಿಗೆ ದೂರದಿಂದಲೇ ಕೈಮುಗಿದು ಕಲ್ಯಾಣಮಂಟಪ ತಲುಪುವಷ್ಟರಲ್ಲಿ ಮಾಂಗಲ್ಯಧಾರಣೆಯ ಹೊತ್ತು. ಅಕ್ಕಿಕಾಳು ಹಾಕಿ ಹಿಂದಿನ ಸಾಲಿನಲ್ಲಿ ಕುಳಿತೆವು. ಮಧ್ಯಾಹ್ನ ಪ್ರಸಾದದ ಪಂಕ್ತಿಯಲ್ಲಿ ಅವನೇ ತುಪ್ಪದ ಗಿಂಡಿ ಹಿಡಿದು ನಮ್ಮ ಎಲೆಯ ಮುಂದೆ ಬಗ್ಗಿದ. "ಇನ್ನೊಂದು ಹೋಳಿಗೆ ಹಾಕಿಸಲೇ ಗುರುಗಳೇ?" ಎಂದ. ಸಕ್ಕರೆ ಕಾಯಿಲೆ ಬಂದ ಮೇಲೆ ನಾವು ಎರಡನೆಯ ಹೋಳಿಗೆ ಮುಟ್ಟಿದವರಲ್ಲ. ಅಂದು ಹಾಕಿಸಿಕೊಂಡೆವು.